ಉಳಿದ ಮುಕ್ಕಾಲು

ಹೊಳೆಯ ದಂಡೆಯಲ್ಲಿ ಒಬ್ಬ ಉಸ್ತಾದ್ ಇದ್ದರು. ಹೆಸರು ದಸ್ತಗೀರ್ ಸಾಹೇಬರು. ಒಂದು ತಗಡಿನ ಶೆಡ್ಡು, ಮುಂದೆ ಹೊಂಗೆ ಮರ, ಹಿಂದೆ ಮಣ್ಣಿನ ಟ್ರ್ಯಾಕು. ಅವರ ಆಶ್ರಮ ಅಂದರೆ ಅಷ್ಟೇ.

ಟ್ರ್ಯಾಕಿನ ತುಂಬ ದಿಬ್ಬ, ಗುಂಡಿ, ಸೊಂಟ ಮುರಿಯುವ ತಿರುವು. ಅಲ್ಲಿ ಬೈಕು ಓಡಿಸುವುದು ಅರ್ಧ ನೆಲದ ಮೇಲೆ, ಅರ್ಧ ಗಾಳಿಯಲ್ಲಿ.

ಹೊಂಗೆ ಮರದ ಕೆಳಗೆ ಮೂರು ಬೈಕು ನಿಂತಿರುತ್ತಿದ್ದವು. ನೂರ ಇಪ್ಪತ್ತೈದು ಸಿಸಿಯದ್ದಕ್ಕೆ ಮರಿ ಅಂತ ಹೆಸರು. ನಾನೂರ ಐವತ್ತು ಸಿಸಿಯದ್ದು ಕೋಣ. ನಡುವಿನ ಇನ್ನೂರ ಐವತ್ತಕ್ಕೆ ಹೆಸರಿರಲಿಲ್ಲ. ಅದರ ಬಗ್ಗೆ ಯಾರೂ ಜಂಬ ಕೊಚ್ಚಿದವರಿಲ್ಲ.

ಶಿಷ್ಯನ ಹೆಸರು ಹಾಲೇಶ. ಹುಣಸೆಕಟ್ಟೆಯವನು. ಎರಡು ವರ್ಷದಿಂದ ಮರಿಯನ್ನು ಓಡಿಸುತ್ತಿದ್ದ. ಓಡಿಸುವುದೇನು, ಕುಣಿಸುತ್ತಿದ್ದ. ಸುತ್ತ ಏಳು ಹಳ್ಳಿಯಲ್ಲಿ ಅವನ ಹಾಗೆ ದಿಬ್ಬ ಹಾರುವವನು ಇನ್ನೊಬ್ಬನಿಲ್ಲ.

ಹಾಗಂತ ಯಾರು ಹೇಳಿದರು? ಹಾಲೇಶನೇ ಹೇಳಿದ್ದ. ಆದರೆ ಸುಳ್ಳೇನಲ್ಲ.

ಮೀಸೆಯೂ ಹಾಗೇ. ಇಪ್ಪತ್ತೆರಡನೇ ವಯಸ್ಸಿಗೆ ಅಂಥ ಮೀಸೆ ಬೆಳೆಸಿದವರು ಊರಲ್ಲಿ ಬೇರೆ ಇರಲಿಲ್ಲ.

ಉಸ್ತಾದರ ಹತ್ತಿರ ಒಂದು ಪದ್ಧತಿ ಇತ್ತು. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಶಿಷ್ಯ ಗ್ಲೌಸು ತೆಗೆದು ಎರಡೂ ಕೈ ಚಾಚಬೇಕು. ಜೋಯಿಸರು ಗೆರೆ ನೋಡಿದಂತೆ ಉಸ್ತಾದರು ಬೊಬ್ಬೆ ನೋಡುತ್ತಿದ್ದರು.

"ಬೆರಳಲ್ಲಿ ಬೊಬ್ಬೆ ಎದ್ದಿದ್ರೆ ಅದು ಕೆಲಸ. ಅಂಗೈಯಲ್ಲಿ ಎದ್ದಿದ್ರೆ ಅದು ಭಯ," ಅನ್ನುತ್ತಿದ್ದರು.

ಹಾಲೇಶನಿಗೆ ಎಡಗೈಯ ತೋರುಬೆರಳಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗಿತ್ತು. ಕ್ಲಚ್ಚಿನ ಬೆರಳು ಅದು. ಮರಿಯ ಇಂಜಿನ್ನಿಗೆ ಕೆಳಗೆ ದಮ್ಮಿಲ್ಲ. ಕಿರುಚುವಾಗ ಮಾತ್ರ ಎಳೆಯುತ್ತದೆ. ಆದ್ದರಿಂದ ಅದನ್ನು ಕಿರುಚಿಸುತ್ತಲೇ ಇರಬೇಕು. ಕ್ಲಚ್ಚು ಮುಟ್ಟಿ ಮುಟ್ಟಿ ಬಿಡಬೇಕು, ಗೇರು ಬದಲಾಯಿಸುತ್ತಲೇ ಇರಬೇಕು. ತಿರುವಿನಲ್ಲಿ ಒಂದು ಚೂರು ವೇಗ ಕಳೆದುಕೊಂಡರೂ ಮುಂದಿನ ದಿಬ್ಬ ಹತ್ತುವುದಿಲ್ಲ.

ಒಂದು ಸಂಜೆ ಹಾಲೇಶ ಕೇಳಿದ: "ಉಸ್ತಾದ್, ಕೋಣ ಯಾವಾಗ ಕೊಡ್ತೀರಿ?"

"ಕೈ ತೋರ್ಸು."

ತೋರಿಸಿದ.

"ಮರಿದೇ ಇನ್ನೂ ಉಳಿದೈತೆ," ಅಂದರು ಉಸ್ತಾದರು.

"ಏನ್ ಉಳಿದೈತೆ? ಎಕ್ಸಲೇಟರ್ ಪೂರ್ತಿ ತಿರುವ್ತೀನಿ. ಇನ್ನ ತಿರುವಕ್ಕೆ ಜಾಗನೇ ಇಲ್ಲ."

"ಗಾಡಿದು ಮುಗೀತು. ನಿಂದು ಉಳಿದೈತೆ."

ಹಾಲೇಶನಿಗೆ ಇಂಥ ಮಾತು ಹಿಡಿಸುತ್ತಿರಲಿಲ್ಲ. ಅವನು ಊರಿಗೆ ಹೋದ.

ಊರಲ್ಲಿ ಹೋಟೆಲ್ ಕಟ್ಟೆಯ ಮೇಲೆ ಹನ್ನೆರಡು ಜನ ಕೂತಿದ್ದರು. ಹನ್ನೆರಡು ಜನ ಕೂತಿರುವಾಗ ಬಾಯಿ ಮುಚ್ಚಿಕೊಂಡು ಟೀ ಕುಡಿಯುವ ವಂಶವಲ್ಲ ಹಾಲೇಶನದು.

"ಬರೋ ಭಾನುವಾರ ಹೊಳೆ ದಂಡೆಲಿ ರೇಸು," ಅಂದ. "ಈ ಸಲ ನಾನು ಯಾವುದರ ಮೇಲೆ ಬರ್ತೀನಿ ಗೊತ್ತಾ? ನಾನೂರ ಐವತ್ತು!"

ಕಟ್ಟೆ ಬಾಯಿ ಬಿಟ್ಟುಕೊಂಡು ಕೇಳಿತು.

ಅವನ ಸೋದರಮಾವ ಗೋಣಿಬಸಪ್ಪ ಮೂಲೆಯಲ್ಲಿ ಮಿರ್ಚಿ ತಿನ್ನುತ್ತಿದ್ದವನು ಕತ್ತೆತ್ತಿದ. "ಅಳಿಯಾ, ಯಾರಾದ್ರೂ ನಿನಗಿಂತ ಮುಂದೆ ಹೋಗಿಬಿಟ್ರೆ?"

"ಅರ್ಧ ಮೀಸೆ ಬೋಳಿಸ್ಕೊಂತೀನಿ."

"ಯಾವ ಕಡೆದು?"

"ನೀನು ಹೇಳಿದ ಕಡೆದು."

ಗೋಣಿಬಸಪ್ಪ ಅಳಿಯನ ಮುಖವನ್ನು ಸಂತೆಯಲ್ಲಿ ಎತ್ತು ನೋಡಿದಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಬಲಗಡೆ. ಅದೇ ಚೆನ್ನಾಗಿ ಬಂದೈತೆ."

ಎಲ್ಲರೂ ಟ್ರ್ಯಾಕ್ಟರಿನಲ್ಲಿ ಬಂದು ನೋಡುವುದೆಂದು ಅಲ್ಲೇ ತೀರ್ಮಾನವಾಯಿತು.

ಸೋಮವಾರ ಬೆಳಿಗ್ಗೆ ಹಾಲೇಶ ಹೊಳೆ ದಂಡೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಬೈಯುತ್ತಾರೆ ಅಂದುಕೊಂಡಿದ್ದ. ಉಸ್ತಾದರು ಕಾರ್ಬೋರೇಟರ್ ಒರೆಸುತ್ತ ಕೂತಿದ್ದರು.

"ಊರಿಗೆ ಹೇಳಿಬಿಟ್ಯಾ?"

"ಹೇಳಿಬಿಟ್ಟೆ."

"ಹಂಗಾದ್ರೆ ತಗೋ."

ಹಾಲೇಶನಿಗೆ ನಂಬಿಕೆ ಬರಲಿಲ್ಲ. ಉಸ್ತಾದರು ಎದ್ದು ಜೇಬಿನಿಂದ ಸೀಮೆಸುಣ್ಣ ತೆಗೆದರು. ಕೋಣದ ಬಲಗೈ ಹಿಡಿಯ ಮೇಲೆ ಒಂದು ಗೆರೆ ಎಳೆದರು. ಪಕ್ಕದ ತಿರುಗದ ಕಬ್ಬಿಣದ ಮೇಲೆ ಇನ್ನೊಂದು. ಹಿಡಿಯನ್ನು ಕಾಲು ಭಾಗ ತಿರುಗಿಸಿದರೆ ಎರಡು ಗೆರೆಯೂ ಕೂಡುತ್ತಿದ್ದವು.

"ಇಷ್ಟು ಸಾಕು. ಇದರಾಚೆ ಬೇಡ."

"ಬರೀ ಕಾಲು ಭಾಗನಾ! ಹಂಗಾದ್ರೆ ಉಳಿದ ಮುಕ್ಕಾಲು ಯಾಕ್ ಇಟ್ಟಿದಾರೆ ಉಸ್ತಾದ್?"

ಉಸ್ತಾದರು ಬೆರಳಿನ ಸುಣ್ಣದ ಪುಡಿ ಊದಿಕೊಂಡು ಒಳಗೆ ಹೋದರು.

ಹಾಲೇಶ ಕೋಣವನ್ನು ಹತ್ತಿದ. ಮೊದಲ ನೆಟ್ಟಗಿನ ಮರಳು ದಾರಿಯಲ್ಲೇ ಗೆರೆ ದಾಟಿದ.

ಆಹಾ! ಮರಿಯನ್ನು ಬೇಡಿಕೊಳ್ಳಬೇಕಿತ್ತು, ಕೋಣಕ್ಕೆ ಸನ್ನೆ ಸಾಕು. ಯಾವ ಗೇರಿನಲ್ಲಿದ್ದರೂ ಎಳೆಯುತ್ತಿತ್ತು. ಹೊಳೆ, ಮರ, ದನ, ಎಲ್ಲ ಹಿಂದಕ್ಕೆ ಓಡಿದವು. ಹಾಲೇಶ ಹೆಲ್ಮೆಟ್ಟಿನೊಳಗೇ ಕೇಕೆ ಹಾಕಿದ.

ಆಮೇಲೆ ತಿರುವು ಬಂತು.

ಮರಿ ತಿರುವಿನಲ್ಲಿ ಮಗುವಿನ ಹಾಗೆ ಒರಗುತ್ತಿತ್ತು. ಕೋಣ ಒರಗಲಿಲ್ಲ. ಮರಿಗಿಂತ ಹದಿನೈದು ಕೇಜಿ ಹೆಚ್ಚು ತೂಕ, ಆ ತೂಕವೆಲ್ಲ ನೆಟ್ಟಗೇ ಹೋಗುತ್ತೇನೆ ಅಂತ ಹಟ ಹಿಡಿಯಿತು. ಎಕ್ಸಲೇಟರ್ ಬಿಟ್ಟರೆ ಯಾರೋ ಹಿಂದಿನಿಂದ ಹಗ್ಗ ಜಗ್ಗಿದಂತೆ ನಿಂತಿತು. ಗಾಬರಿಯಲ್ಲಿ ಒಂದು ಚೂರು ತಿರುವಿದರೆ ಮುಂದಿನ ಚಕ್ರ ಮುಗಿಲು ನೋಡಿತು.

ಹಾಲೇಶ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ಬಿಗಿಯಾಗಿ ಹಿಡಿದಷ್ಟೂ ಮಣಿಕಟ್ಟು ತಾನಾಗಿ ತಿರುಗಿ, ಗಾಡಿ ಇನ್ನಷ್ಟು ನುಗ್ಗಿತು. ನುಗ್ಗಿದಷ್ಟೂ ಅವನು ಇನ್ನಷ್ಟು ಬಿಗಿ ಹಿಡಿದ.

ಮೂರು ಸುತ್ತಿಗೆ ಮುಂಗೈ ಕಟ್ಟಿಗೆಯಾಯಿತು. ಕೆಳಗಿಳಿದರೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬೆರಳು ಬಗ್ಗಲಿಲ್ಲ. ಟೀ ಲೋಟ ಹಲ್ಲಿಗೆ ಬಡಿದು ಟಣಟಣ ಅಂದಿತು.

"ಹೆಂಗೈತೆ?" ಅಂದರು ಉಸ್ತಾದರು.

"ಗಾಡಿ ಬೆಂಕಿ ಐತೆ ಉಸ್ತಾದ್! ಟಯರ್ ಮಾತ್ರ ಸರಿ ಇಲ್ಲ."

"ಹೌದಾ?"

ಮಂಗಳವಾರ ಬರುವಷ್ಟರಲ್ಲಿ ಉಸ್ತಾದರು ಟಯರ್ ಬದಲಾಯಿಸಿದ್ದರು. ಹಾಲೇಶ ಎರಡು ಸಲ ಬಿದ್ದ.

"ಹ್ಯಾಂಡಲ್ ಎತ್ತರ ಆಯ್ತು ಉಸ್ತಾದ್."

"ಹೌದಾ?"

ಬುಧವಾರ ಹ್ಯಾಂಡಲ್ ತಗ್ಗಿತ್ತು. ಹಾಲೇಶ ಮೂರು ಸಲ ಬಿದ್ದ. ಶಾಕ್ ಅಬ್ಸಾರ್ಬರ್ ಗಟ್ಟಿಯಾಯಿತು ಅಂದ. ಗುರುವಾರ ಅದೂ ಮೆತ್ತಗಾಗಿತ್ತು.

ಗುರುವಾರ ಅವನು ಕೊನೆಯ ದಿಬ್ಬ ಹಾರಿ, ತಿರುವು ದಾಟಿ, ಬೇಲಿ ದಾಟಿ, ಹೊಳೆಯಲ್ಲಿ ಮೊಳಕಾಲುದ್ದ ನೀರಿಗೆ ಬಿದ್ದ.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೀರೆ ಹಿಂಡುತ್ತ ಕೇಳಿದಳು: "ಯಾಕೆ ತಮ್ಮಾ, ನಡಕೊಂಡು ಬಂದಿದ್ರೆ ನೀರು ಸಿಕ್ತಿರಲಿಲ್ವಾ?"

ಹಾಲೇಶ ಕೋಣವನ್ನು ತಳ್ಳಿಕೊಂಡು ಶೆಡ್ಡಿಗೆ ಬಂದ. ಮೈಯಿಂದ ನೀರು ಸುರಿಯುತ್ತಿತ್ತು.

"ಬ್ರೇಕ್ ಹಿಡಿಲಿಲ್ಲ ಉಸ್ತಾದ್."

"ಬ್ರೇಕ್ ನಿನ್ನೆನೇ ಬದಲಾಯಿಸಿದೀನಿ," ಅಂದರು ಉಸ್ತಾದರು. "ಆ ಗಾಡಿ ಮೇಲೆ ಬದಲಾಯಿಸದೆ ಇರೋದು ಇನ್ನ ಒಂದೇ ಉಳಿದೈತೆ."

ಅದು ಯಾವುದು ಅಂತ ಹಾಲೇಶ ಕೇಳಲಿಲ್ಲ.

ಇನ್ನೊಂದು ವಿಷಯ. ಸೋಮವಾರದಿಂದ ಹಾಲೇಶ ಗ್ಲೌಸು ತೆಗೆದಿರಲಿಲ್ಲ. ಗ್ಲೌಸಿನಲ್ಲೇ ಟೀ ಕುಡಿದ. ಗ್ಲೌಸಿನಲ್ಲೇ ರೊಟ್ಟಿ ಮುರಿದ. ಅದಕ್ಕಿಂತ ದೊಡ್ಡ ಆಶ್ಚರ್ಯ, ಆ ನಾಲ್ಕು ದಿನ ಉಸ್ತಾದರು ಒಮ್ಮೆಯೂ ಕೈ ತೋರಿಸು ಅನ್ನಲಿಲ್ಲ. ಕೇಳದಿದ್ದದ್ದು ಅವನನ್ನು ಹೆಚ್ಚು ಚುಚ್ಚಿತು.

ಶುಕ್ರವಾರ ಮಾವನ ಫೋನು ಬಂತು.

"ಅಳಿಯಾ, ಟ್ರ್ಯಾಕ್ಟರಿಗೆ ಇನ್ನೊಂದು ಟ್ರೇಲರ್ ಕಟ್ಟಿದೀವಿ. ಜನ ಹಿಡಿತಾ ಇಲ್ಲ."

"ಅಷ್ಟು ಜನ ಯಾಕೆ ಮಾವ?"

"ನಿನ್ನ ನೋಡಕ್ಕೆ ಅರ್ಧ. ಮೀಸೆ ನೋಡಕ್ಕೆ ಅರ್ಧ. ಕ್ಷೌರದ ಕತ್ತಿ ಮಸೆಸಿಟ್ಟಿದೀನಿ. ಸುಮ್ನೆ, ಇರ್ಲಿ ಅಂತ."

ಫೋನಿಟ್ಟ ಮೇಲೆ ಹಾಲೇಶ ಹೊಳೆಯನ್ನೇ ನೋಡುತ್ತ ಕೂತ. ಆಗುವುದಿಲ್ಲ ಅಂದರೆ ಮುಖ ಹೋಗುತ್ತದೆ. ಆಗುತ್ತದೆ ಅಂದರೆ ಕತ್ತು ಮುರಿಯುತ್ತದೆ. ಎರಡರಲ್ಲಿ ಯಾವುದು ಅಗ್ಗ ಅಂತ ಅವನಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಉಸ್ತಾದರು ತಮ್ಮ ಹಳೆಯ ಹೆಲ್ಮೆಟ್ಟಿನ ಧೂಳು ಕೊಡವಿದರು. ಅವರಿಗೆ ಅರವತ್ತೆರಡು. ಒಂದು ಮಂಡಿ ಬಗ್ಗುವುದಿಲ್ಲ. ಕುಂಟುತ್ತ ಬಂದು ಮರಿಯ ಮೇಲೆ ಕೂತರು.

"ನಡಿ. ಹತ್ತು ಸುತ್ತು."

"ನೀವಾ? ಮರಿ ಮೇಲಾ? ಕೋಣದ ಜೊತೆಗಾ?"

"ಯಾಕೆ, ಹೆದ್ರಿಕೆನಾ?"

ಆ ಮಾತು ಸಾಕಿತ್ತು. ಹಾಲೇಶ ಕೋಣವನ್ನು ಒದ್ದು ಎಬ್ಬಿಸಿದ.

ನೆಟ್ಟಗಿನ ಮರಳಿನಲ್ಲಿ ಕೋಣ ಹಾರಿಹೋಯಿತು. ಹಿಂದೆ ಮರಿಯ ಸದ್ದೂ ಕೇಳಲಿಲ್ಲ. ತಿರುವಿಗೆ ಬಂದರೆ ಸೊಳ್ಳೆ ಕಿವಿಯ ಹತ್ತಿರ ಬಂದ ಹಾಗೆ ಕುಂಯ್ ಅಂತ ಸದ್ದು. ಮತ್ತೆ ಮರಳಿನಲ್ಲಿ ದೂರ. ಮತ್ತೆ ತಿರುವಿನಲ್ಲಿ ಹತ್ತಿರ. ಪ್ರತಿ ಸುತ್ತಿಗೂ ಆ ಸದ್ದು ಸ್ವಲ್ಪ ಸ್ವಲ್ಪ ಹತ್ತಿರ ಬಂತು.

ಆರನೇ ಸುತ್ತಿನಲ್ಲಿ ಉಸ್ತಾದರು ತಿರುವಿನ ಒಳಗಡೆಯಿಂದ ದಾಟಿಹೋದರು. ಹೋಗುವಾಗ ಎಡಗೈ ಬಿಟ್ಟು ಮೂಗು ಬೇರೆ ತುರಿಸಿಕೊಂಡರು.

ಏಳನೇ ಸುತ್ತಿನಲ್ಲಿ ಹಾಲೇಶ ಗಾಡಿ ನಿಲ್ಲಿಸಿದ. ಇಳಿಯಲು ನೋಡಿದ. ಇಳಿಯಲಾಗಲಿಲ್ಲ. ಬೆರಳುಗಳು ಹಿಡಿಯನ್ನು ಬಿಡುತ್ತಿರಲಿಲ್ಲ.

ಉಸ್ತಾದರು ಬಂದು ಅವನ ಬೆರಳನ್ನು ಒಂದೊಂದಾಗಿ ಬಿಡಿಸಿದರು, ಮುಷ್ಟಿಯಲ್ಲಿ ಬೆಲ್ಲ ಬಚ್ಚಿಟ್ಟ ಮಗುವಿನ ಬೆರಳು ಬಿಡಿಸಿದಂತೆ. ಆಮೇಲೆ ಗ್ಲೌಸು ಎಳೆದರು.

ಎರಡೂ ಅಂಗೈ ಬೊಬ್ಬೆ ಎದ್ದು, ಒಡೆದು, ಕೆಂಪಗೆ ಹಸಿಯಾಗಿದ್ದವು.

"ಸೋಮವಾರದಿಂದಾ?"

"ಸೋಮವಾರದಿಂದ."

ಉಸ್ತಾದರು ಕೊಬ್ಬರಿ ಎಣ್ಣೆ ತಂದು ಹಚ್ಚತೊಡಗಿದರು. ಹಾಲೇಶ ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಐದು ದಿನದಿಂದ ಮುಚ್ಚಿಟ್ಟಿದ್ದು ಹೊರಗೆ ಬಂತು.

"ಹೆದ್ರಿಕೆ ಆಗ್ತೈತೆ ಉಸ್ತಾದ್."

"ಯಾವುದಕ್ಕೆ? ಕೋಣಕ್ಕಾ, ಮೀಸೆಗಾ?"

ಹಾಲೇಶ ಪ್ರಾಮಾಣಿಕವಾಗಿ ಯೋಚನೆ ಮಾಡಿದ. "ಹಗಲೆಲ್ಲ ಕೋಣಕ್ಕೆ. ಮಾವ ಫೋನ್ ಮಾಡಿದಾಗ ಮೀಸೆಗೆ."

ಉಸ್ತಾದರು ಜೋರಾಗಿ ನಕ್ಕರು. ಹಾಲೇಶನಿಗೂ ನಗು ಬಂತು. ನಕ್ಕಾಗ ಅಂಗೈ ಉರಿಯಿತು, ಆದರೂ ನಕ್ಕ. ಎದೆಯ ಮೇಲಿಂದ ಕೋಣ ಎದ್ದುಹೋದ ಹಾಗಾಯಿತು.

"ಮರಿನಲ್ಲಿ ನಾನು ಪೂರ್ತಿ ತಿರುವಿದ್ರೂ ಏನೂ ಆಗ್ತಿರಲಿಲ್ಲ," ಅಂದ. "ಇದರಲ್ಲಿ ಕಾಲು ಭಾಗಕ್ಕೇ ಕೈ ಕಟ್ಟಿಗೆ ಆಗ್ತೈತೆ. ಯಾಕೆ ಉಸ್ತಾದ್?"

"ಮರಿ ನಿನ್ನ ಹತ್ರ ಇರೋದನ್ನೆಲ್ಲ ಕೇಳ್ತೈತೆ. ನೀನು ಕೊಡ್ತೀಯ. ಕೊಡೋದರಲ್ಲಿ ನೀನು ಧಾರಾಳಿ."

"ಕೋಣ ಏನು ಕೇಳ್ತೈತೆ?"

"ಎಲ್ಲ ಕೊಡಬೇಡ ಅಂತೈತೆ."

ಹಾಲೇಶ ಎಣ್ಣೆ ಹಚ್ಚಿದ ಅಂಗೈ ನೋಡಿಕೊಂಡ. ಆಮೇಲೆ, "ನಾಳೆ ಮರಿ ತಗೊಂಡು ಹೋಗ್ಲಾ?" ಅಂತ ಕೇಳಿದ.

"ನನ್ನ ಕೇಳಬೇಡ. ಕೈ ಕೇಳು."

ಭಾನುವಾರ ಎರಡು ಟ್ರೇಲರಿನ ಟ್ರ್ಯಾಕ್ಟರು ಹೊಳೆ ದಂಡೆಗೆ ಬಂತು. ಹಾಲೇಶ ಮರಿಯನ್ನು ತಳ್ಳಿಕೊಂಡು ಅದರ ಮುಂದೆ ಹೋಗಿ ನಿಂತ. ಕತ್ತು ತಗ್ಗಿಸಲಿಲ್ಲ, ಹುಣಸೆಕಟ್ಟೆಯವರು ತಪ್ಪು ಒಪ್ಪಿಕೊಳ್ಳುವುದಾದರೂ ಎದೆ ಸೆಟೆಸಿಕೊಂಡೇ ಒಪ್ಪಿಕೊಳ್ಳುತ್ತಾರೆ.

"ಮಾವ, ಎಲ್ಲಾರೂ ಕೇಳ್ರಿ. ನಾನೂರ ಐವತ್ತು ನನ್ನ ಕೈಲಿ ಆಗ್ಲಿಲ್ಲ. ಐದು ದಿನ ಬಿದ್ದೆ. ಒಂದಿನ ಹೊಳೆಗೇ ಬಿದ್ದೆ. ಇವತ್ತು ನೂರ ಇಪ್ಪತ್ತೈದೇ."

ಗೋಣಿಬಸಪ್ಪ ಮರಿಯನ್ನು ನೋಡಿದ. ದೂರದಲ್ಲಿ ಮರದ ಕೆಳಗಿದ್ದ ಕೋಣವನ್ನು ನೋಡಿದ. ಮತ್ತೆ ಮರಿಯನ್ನು ನೋಡಿದ.

"ಅಳಿಯಾ, ಎರಡಕ್ಕೂ ಏನ್ ವ್ಯತ್ಯಾಸ? ಎರಡೂ ಒಂದೇ ಥರ ಅದಾವಲ್ಲೋ."

"ಮಾವ! ಸಿಸಿ! ಇಂಜಿನ್ ಸೈಜು! ಕಟ್ಟೆ ಮೇಲೆ ನಾನೂರ ಐವತ್ತು ಅಂದಾಗ ಬಾಯಿ ಬಿಟ್ಕೊಂಡು ಕೇಳಿದ್ರಲ್ಲ!"

"ನಾನು ಗಾಡಿ ನಂಬರ್ ಅಂದ್ಕೊಂಡಿದ್ದೆ."

ಟ್ರೇಲರಿನಲ್ಲಿದ್ದ ಎಲ್ಲರೂ ತಲೆಯಾಡಿಸಿದರು. ಅವರೂ ಹಾಗೇ ಅಂದುಕೊಂಡಿದ್ದರು.

ಹಾಲೇಶ ಅಲ್ಲೇ ಮರಿಯ ಸೀಟಿಗೆ ಒರಗಿಕೊಂಡ. ಐದು ದಿನ! ಅಂಗೈಯ ಚರ್ಮವೆಲ್ಲ ಹೋಗಿತ್ತು, ಯಾರಿಗೂ ಕಾಣದ ಒಂದು ಸಂಖ್ಯೆಗೆ.

"ಮೀಸೆ ಮಾತು ಮಾತ್ರ ಚೆನ್ನಾಗಿ ಅರ್ಥ ಆಗಿತ್ತು," ಅಂದ ಗೋಣಿಬಸಪ್ಪ. "ಅದು ಹಂಗೇ ಐತೆ ತಾನೆ?"

"ಹಂಗೇ ಐತೆ ಮಾವ."

ಹದಿನಾಲ್ಕು ಗಾಡಿ, ಹತ್ತು ಸುತ್ತು. ಬಾವುಟ ಬಿದ್ದ ತಕ್ಷಣ ದೊಡ್ಡ ಇಂಜಿನ್ನಿನವರೆಲ್ಲ ಮುಂದೆ ಹೋದರು. ಹಾಲೇಶ ಒಂಬತ್ತನೆಯವನಾಗಿ ಅವರ ಮಣ್ಣು ತಿಂದ.

ತಿಂದ, ಆದರೆ ಕೈ ಬಿಗಿಯಲಿಲ್ಲ. ಬಟ್ಟೆ ಸುತ್ತಿದ ಅಂಗೈ ಬಿಗಿ ಹಿಡಿಯಲು ಬಿಡುತ್ತಲೂ ಇರಲಿಲ್ಲ. ಮರಿ ಕಿರುಚಿತು, ಅವನು ಹಾಡಿದ. ತಿರುವು ಬಂದಾಗ ಒರಗಿದ, ವೇಗ ಬಿಡಲಿಲ್ಲ. ಇದೇ ತಿರುವುಗಳಲ್ಲಿ ಐದು ದಿನ ಬಿದ್ದು ಬಿದ್ದು, ಎಲ್ಲೆಲ್ಲಿ ಯಾವ ಕಲ್ಲಿದೆ ಅಂತ ಬೆನ್ನಿಗೇ ಗೊತ್ತಿತ್ತು.

ಐದನೇ ಸುತ್ತಿನ ಹೊತ್ತಿಗೆ ಮುಂದಿನವರ ಮೊಳಕೈ ಸೆಟೆದುಕೊಂಡದ್ದು ಕಂಡಿತು. ಅಯ್ಯೋ ಪಾಪ, ಅಂದುಕೊಂಡ ಹಾಲೇಶ. ಅದು ಏನು ಅಂತ ಅವನಿಗೆ ಗೊತ್ತಿತ್ತು. ಪಾಪ ಅನ್ನುತ್ತಲೇ ಒಬ್ಬೊಬ್ಬರನ್ನೇ ದಾಟಿದ.

ಎಂಟನೇ ಸುತ್ತಿನಲ್ಲಿ ಹಾಲೇಶ ಮೊದಲಿಗ. ಟ್ರೇಲರು ಎದ್ದು ಕುಣಿಯಿತು.

ಕೊನೆಯ ಸುತ್ತಿನ ನೆಟ್ಟಗಿನ ಮರಳಿನಲ್ಲಿ ಪಕ್ಕದಲ್ಲಿ ಒಂದು ನಾನೂರ ಐವತ್ತು ಬಂತು. ಕಿರುಚುತ್ತಿರಲಿಲ್ಲ. ಗುನುಗುತ್ತಿತ್ತು. ಗುನುಗುತ್ತಲೇ ದಾಟಿಹೋಯಿತು. ಹಾಲೇಶ ಎರಡನೆಯವನಾದ.

ಗೆದ್ದ ಸವಾರ ಹೆಲ್ಮೆಟ್ ತೆಗೆದಾಗ ಒಳಗಿನಿಂದ ಜಡೆ ಬಿತ್ತು. ಕೊಡಗಿನ ಕಡೆಯ ಹುಡುಗಿ, ದೇಚಮ್ಮ ಅಂತ. ಗಾಡಿಯ ಅರ್ಧ ತೂಕವೂ ಇರಲಿಲ್ಲ.

ಹಾಲೇಶ ನೇರವಾಗಿ ಹೋಗಿ ಕೇಳಿದ: "ಅದನ್ನ ಹೆಂಗೆ ಹಿಡ್ಕೊಂತೀರಿ ಮೇಡಂ?"

"ಕೈಯಲ್ಲಿ ಹಿಡಿಯೋದಿಲ್ಲ. ಮಂಡಿಯಲ್ಲಿ ಹಿಡೀತೀನಿ. ಕೈ ಸುಮ್ಮನೆ ಇಟ್ಟಿರ್ತೀನಿ."

"ಎಕ್ಸಲೇಟರ್ ಎಷ್ಟು ತಿರುವಿದ್ರಿ?"

ಅವಳು ಯೋಚಿಸಿದಳು. "ಎಲ್ಲಾ ಕಡೆ ಕಾಲು ಭಾಗ. ಒಂದು ಸಲ ಮಾತ್ರ ಅರ್ಧ. ನಿಮ್ಮನ್ನ ದಾಟೋವಾಗ."

ಹಾಲೇಶನಿಗೆ ಒಂದು ಗಳಿಗೆ ಹೊಟ್ಟೆ ಉರಿಯಿತು. ಮರುಗಳಿಗೆ ಎದೆ ಉಬ್ಬಿತು. ಹದಿಮೂರು ಜನರಲ್ಲಿ ಅವಳ ಕೈಯಲ್ಲಿ ಅರ್ಧ ತಿರುವಿಸಿದವನು ಯಾರು? ಹುಣಸೆಕಟ್ಟೆಯ ಹಾಲೇಶ!

ಗೋಣಿಬಸಪ್ಪ ಕತ್ತಿ ಹಿಡಿದುಕೊಂಡು ಬಂದ. ಆದರೆ ನಗು ತಡೆಯಲಾಗದೆ ಅವನ ಕೈ ಕುಣಿಯುತ್ತಿತ್ತು.

"ನನ್ನ ಕೈಗೆ ಕೊಡಿ," ಅಂದರು ಉಸ್ತಾದರು. "ಹುಡುಗನ ತುಟಿ ಇನ್ನೂ ಬೇಕಾಗ್ತೈತೆ."

ಹಾಲೇಶ ಹೊಳೆಯ ಕಲ್ಲಿನ ಮೇಲೆ ಕೂತ. ಸೋಪು ಹಚ್ಚಿಸಿಕೊಂಡ. ಸುತ್ತ ಎರಡು ಟ್ರೇಲರಿನ ಜನ.

"ಮೊದಲು ಕೈ ತೋರ್ಸು," ಅಂದರು ಉಸ್ತಾದರು.

ಹಾಲೇಶ ತಾನಾಗಿ ಬಟ್ಟೆ ಬಿಚ್ಚಿ ಎರಡೂ ಕೈ ಚಾಚಿದ. ಅಂಗೈ ಒಣಗುತ್ತಿತ್ತು. ಎಡಗೈಯ ತೋರುಬೆರಳಲ್ಲಿ, ಹಳೆಯ ಗಟ್ಟಿ ಚರ್ಮದ ಪಕ್ಕ, ಒಂದು ಹೊಸ ಬೊಬ್ಬೆ.

ಉಸ್ತಾದರು ಅದನ್ನು ಬಹಳ ಹೊತ್ತು ನೋಡಿದರು. ತಲೆಯಾಡಿಸಿದರು. ಕತ್ತಿಯನ್ನು ಎರಡೇ ಬೆರಳಲ್ಲಿ ಹಗುರಾಗಿ ಹಿಡಿದು ಬಲಗಡೆಯ ಮೀಸೆಗೆ ಇಟ್ಟರು.

ಹೊಳೆಯ ಕಡೆಯಿಂದ ಗಾಳಿ ಬಂತು. ಬರಿದಾಗುತ್ತಿದ್ದ ತುಟಿಗೆ ತಣ್ಣಗೆ ತಾಗಿತು. ಇಷ್ಟು ಹಗುರ ಅನ್ನಿಸಿದ್ದು ಯಾವಾಗ ಅಂತ ಹಾಲೇಶನಿಗೆ ನೆನಪಾಗಲಿಲ್ಲ.

"ಉಸ್ತಾದ್," ಅಂದ ತುಟಿ ಅಲ್ಲಾಡಿಸದೆ, "ಸೋಮವಾರ ಒಂದು ಮಾತು ಕೇಳಿದ್ದೆ. ನೀವು ಹೇಳದೆ ಒಳಗೆ ಹೋದ್ರಿ. ಟ್ರ್ಯಾಕಿಗೆ ಕಾಲು ಭಾಗ ಸಾಕು ಅಂದ್ರೆ, ಆ ಉಳಿದ ಮುಕ್ಕಾಲು ಯಾಕೆ?"

ಉಸ್ತಾದರು ಕತ್ತಿಯ ಸೋಪನ್ನು ಹೊಳೆ ನೀರಿನಲ್ಲಿ ಅದ್ದಿ ತೊಳೆದರು.

"ಅದು ಹೋಟೆಲ್ ಕಟ್ಟೆ ಮೇಲೆ ಓಡ್ಸಕ್ಕೆ ತಮ್ಮಾ. ನಗಬೇಡ, ಕತ್ತಿ ಐತೆ."